ನಾರ್ವಾ ನದಿಯ ಈ ದಡದಲ್ಲಿ ನಿಂತು

ನಮಸ್ಕಾರ. ನೀವು ನೋಡುತ್ತಿರುವ ಈ ಎರಡು ಕೋಟೆಗಳ ನಡುವೆ ಹರಿಯುತ್ತಿರುವುದು ನಾರ್ವಾ ನದಿ. ನಾನು ನಿಂತಿರುವ ದಡ ಎಸ್ಟೋನಿಯಾದ್ದು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿರುವ ಆಚೆಯ ಇವಾನ್‌ಗೊರೊದ್ ಕೋಟೆ ರಷ್ಯಾದ್ದು. 13 ಲಕ್ಷಕ್ಕೂ ತುಸು ಹೆಚ್ಚು ಜನರಿರುವ, ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲು ಭಾಗವೂ ಇಲ್ಲದ ಈ ದೇಶ ತನ್ನ ನಾಳೆಯನ್ನು ಯಾವುದನ್ನು ನಂಬಿ ಕಟ್ಟಿಕೊಳ್ಳಬೇಕು ಎಂಬ ಪ್ರಶ್ನೆ ರಾಜಧಾನಿ ಟಾಲಿನ್‌ನಲ್ಲಿ ರೈಲು ಹತ್ತಿದಾಗಿನಿಂದ ನನ್ನನ್ನು ಕಾಡುತ್ತಿದೆ.

1918ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಎಸ್ಟೋನಿಯಾದ ಮೇಲೆ ತನಗೆ ಎಂದೆಂದಿಗೂ ಹಕ್ಕಿಲ್ಲವೆಂದು ಸೋವಿಯತ್ ರಷ್ಯಾ 1920ರ ತಾರ್ತು ಒಪ್ಪಂದದಲ್ಲಿ ಬರೆದುಕೊಟ್ಟಿತ್ತು. ಆ ಮಾತು ಉಳಿದದ್ದು ಇಪ್ಪತ್ತು ವರ್ಷ. 1939ರ ಆಗಸ್ಟ್ 23ರಂದು ಹಿಟ್ಲರ್ ಮತ್ತು ಸ್ಟಾಲಿನ್ ಸರ್ಕಾರಗಳು ಗುಟ್ಟಾಗಿ ಪೂರ್ವ ಯುರೋಪನ್ನು ಹಂಚಿಕೊಂಡವು. ಮುಂದಿನ ತಿಂಗಳೇ 25,000 ಸೋವಿಯತ್ ಸೈನಿಕರಿಗೆ ನೆಲೆ ಕೊಡುವ ಒಪ್ಪಂದಕ್ಕೆ ಎಸ್ಟೋನಿಯಾ ಸಹಿ ಹಾಕಬೇಕಾಯಿತು. 1940ರ ಜೂನ್‌ನಲ್ಲಿ ಇಡೀ ದೇಶ ಸೋವಿಯತ್ ಸೇನೆಯ ವಶವಾಯಿತು, ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದೊಳಗೆ ಸೇರಿಹೋಯಿತು.

ಇನ್ನೆಂದೂ ಒಂಟಿಯಾಗಿರಬಾರದೆಂಬುದು ಇದರಿಂದ ಇಲ್ಲಿಯ ಜನ ಕಲಿತ ಪಾಠ. 2004ರಲ್ಲಿ ನ್ಯಾಟೋವನ್ನೂ ಯುರೋಪಿಯನ್ ಒಕ್ಕೂಟವನ್ನೂ ಎಸ್ಟೋನಿಯಾ ಸೇರಿದ್ದು ಅದಕ್ಕಾಗಿಯೇ, ಮತ್ತು ಆ ನಿರ್ಧಾರ ಸರಿಯೆಂದೇ ನಾನು ನಂಬುತ್ತೇನೆ. ಆದರೆ ಅಷ್ಟಾಗಿ ನೆನಪಾಗದ ಇನ್ನೊಂದು ಇಸವಿಯಿದೆ: 1934. ಆ ವರ್ಷದ ಮಾರ್ಚ್ 12ರಂದು ಸರ್ಕಾರದ ಮುಖ್ಯಸ್ಥರಾಗಿದ್ದ ಕಾನ್‌ಸ್ಟಾಂಟಿನ್ ಪ್ಯಾಟ್ಸ್, ಬಲಪಂಥೀಯ ತೀವ್ರವಾದಿಗಳಿಂದ ಗಣರಾಜ್ಯವನ್ನು ಕಾಪಾಡುತ್ತೇನೆಂದು ತುರ್ತು ಪರಿಸ್ಥಿತಿ ಹೇರಿದರು. ಮರುವರ್ಷ ಪಕ್ಷಗಳನ್ನು ನಿಷೇಧಿಸಲಾಯಿತು, ಪತ್ರಿಕೆಗಳ ಮೇಲೆ ಹಿಡಿತ ಬಿಗಿಯಾಯಿತು. ಎಸ್ಟೋನಿಯನ್ನರು ಅದನ್ನು ‘ಮೌನದ ಕಾಲ’ವೆಂದೇ ಕರೆಯುತ್ತಾರೆ. ಹೀಗಾಗಿ 1939ರಲ್ಲಿ ದೇಶದ ಅಳಿವು ಉಳಿವಿನ ಮಾತು ಬಂದಾಗ, ನೆಲೆ ಕೊಡಬೇಕೇ ಬೇಡವೇ ಎಂದು ಊರೂರಲ್ಲಿ ವಾದಿಸಲು ಪಕ್ಷಗಳಿರಲಿಲ್ಲ, ಕೆಲವೇ ಜನ ಸೇರಿ ತೀರ್ಮಾನ ತೆಗೆದುಕೊಂಡರು. ಬಹಿರಂಗ ಚರ್ಚೆ ನಡೆದಿದ್ದರೂ ಸೋವಿಯತ್ ಸೇನೆ ಬಹುಶಃ ಬಂದೇ ಬರುತ್ತಿತ್ತು. ಆದರೆ ಜನರನ್ನು ಕೇಳದೆ ದೇಶವನ್ನು ಬಿಟ್ಟುಕೊಟ್ಟರೆಂಬ ನೋವು ಉಳಿಯುತ್ತಿರಲಿಲ್ಲ. ಸ್ವತಃ ಪ್ಯಾಟ್ಸ್ ಅವರನ್ನು ರಷ್ಯಾಕ್ಕೆ ಗಡೀಪಾರು ಮಾಡಲಾಯಿತು. 1956ರಲ್ಲಿ ಅವರು ಅಲ್ಲಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು.

ಆ ಗುಟ್ಟಿನ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದ 1989ರ ಆಗಸ್ಟ್ 23ರಂದು ಟಾಲಿನ್‌ನಿಂದ ಲಾಟ್ವಿಯಾದ ರೀಗಾ ಮೂಲಕ ಲಿಥುವೇನಿಯಾದ ವಿಲ್ನಿಯಸ್‌ವರೆಗೆ, 600 ಕಿಲೋಮೀಟರಿಗೂ ಹೆಚ್ಚು ದೂರ, ಮೂರೂ ದೇಶಗಳ ಸುಮಾರು 20 ಲಕ್ಷ ಜನ ಕೈ ಕೈ ಹಿಡಿದು ನಿಂತರು. ಎರಡು ವರ್ಷಗಳಲ್ಲಿ ದೇಶ ಮತ್ತೆ ಸ್ವತಂತ್ರವಾಯಿತು.

ಆದರೆ ಈ ನಾರ್ವಾದ ಕಥೆ ಬೇರೆ. 1944ರ ಮಾರ್ಚ್‌ನಲ್ಲಿ ಸೋವಿಯತ್ ಬಾಂಬುಗಳಿಗೆ, ಆಗ ಜರ್ಮನ್ ಸೇನೆಯ ವಶದಲ್ಲಿದ್ದ ಹಳೆಯ ಊರು ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಮೂಲ ನಿವಾಸಿಗಳಲ್ಲಿ ಬಹುಪಾಲು ಜನರಿಗೆ ಹಿಂದಿರುಗಲು ಬಿಡದೆ, ಕಾರ್ಖಾನೆಗಳಿಗೆಂದು ರಷ್ಯನ್ ಭಾಷಿಕರನ್ನು ತಂದು ನೆಲೆಗೊಳಿಸಲಾಯಿತು. ಇಂದು ಇಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯ ಮನೆಮಾತು ರಷ್ಯನ್. 1991ರ ನಂತರ ಭಾಷಾ ಪರೀಕ್ಷೆ ಪಾಸಾಗದೆ ಯಾವ ದೇಶದ ಪೌರತ್ವವೂ ಇಲ್ಲದೆ ಉಳಿದವರ ಕೈಯಲ್ಲಿ ಈಗಲೂ ಬೂದು ಬಣ್ಣದ ಪಾಸ್‌ಪೋರ್ಟ್ ಇದೆ. 2024ರಿಂದ ಶಾಲೆಗಳು ಹಂತಹಂತವಾಗಿ ಎಸ್ಟೋನಿಯನ್ ಮಾಧ್ಯಮಕ್ಕೆ ಬದಲಾಗುತ್ತಿವೆ. ಸಣ್ಣ ಭಾಷೆಯೊಂದರ ಆತಂಕ ಕನ್ನಡಿಗಳಾದ ನನಗೆ ಅರ್ಥವಾಗುತ್ತದೆ, ಆದ್ದರಿಂದ ಆ ಹೆಜ್ಜೆಯನ್ನು ನಾನು ತಪ್ಪೆನ್ನಲಾರೆ. 2025ರ ಮಾರ್ಚ್‌ನಲ್ಲಿ ಸಂವಿಧಾನವನ್ನು ತಿದ್ದಿ, ಇಲ್ಲಿ ನೆಲೆಸಿರುವ ರಷ್ಯಾ ಮತ್ತು ಬೆಲಾರುಸ್ ಪೌರರಿಗೆ ಸ್ಥಳೀಯ ಚುನಾವಣೆಯಲ್ಲಿದ್ದ ಮತವನ್ನು ಕಸಿದುಕೊಂಡದ್ದು, ಬೂದು ಪಾಸ್‌ಪೋರ್ಟಿನವರಿಗೂ ಅದೇ ವರ್ಷದ ಚುನಾವಣೆಯನ್ನೇ ಕೊನೆಯದಾಗಿಸಿದ್ದು ಮಾತ್ರ ನನ್ನನ್ನು ಕಳವಳಕ್ಕೆ ದೂಡುತ್ತದೆ. ಉಕ್ರೇನ್ ಮೇಲಿನ ದಾಳಿಯನ್ನು ಕಂಡವರ ಭಯ ನಿಜವಾದದ್ದು. 1934ರಲ್ಲಿ ಬಾಯಿ ಮುಚ್ಚಿಸಿದಾಗಲೂ ಕಾರಣವಾಗಿ ತೋರಿಸಿದ್ದು ಭಯವನ್ನೇ.

ಈಗ ಕ್ಯಾಮೆರಾವನ್ನು ಸೇತುವೆಯ ಕಡೆಗೆ ತಿರುಗಿಸುತ್ತೇನೆ. 2024ರ ಫೆಬ್ರವರಿಯಿಂದ ಇಲ್ಲಿ ವಾಹನ ಓಡಾಡುವುದಿಲ್ಲ, ನಡೆದೇ ದಾಟಬೇಕು. ಚಕ್ರದ ಸೂಟ್‌ಕೇಸುಗಳನ್ನು ಎಳೆದುಕೊಂಡು ಬಂದವರ ಸಾಲು ತಪಾಸಣೆಯ ಬಾಗಿಲಿನಿಂದ ರಸ್ತೆಯವರೆಗೆ ಬೆಳೆದಿದೆ. ಸಾಲಿನಲ್ಲಿರುವ ಅಜ್ಜಿಯೊಬ್ಬರು ಚೀಲವನ್ನು ಕಾಲ ಬಳಿ ಇಟ್ಟು, ಒಳಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಎದೆಗೊತ್ತಿಕೊಂಡಿದ್ದಾರೆ. ಅದರ ಬಣ್ಣ ಬೂದು.