ರಜೆಯ ಎರಡು ತಿಂಗಳು ಮತ್ತು ಎಳೆಯ ಓದುಗ

ಮಾನ್ಯ ಅಧ್ಯಕ್ಷರೇ, ಗ್ರಂಥಾಲಯದ ಕಾರ್ಯಕರ್ತರೇ, ರಕ್ಷಕ-ಶಿಕ್ಷಕ ಸಂಘದ ಬಂಧುಗಳೇ,

ಮಾರ್ಚ್ ಕೊನೆಗೆ ಮುಚ್ಚುವ ನಮ್ಮ ಕಾಸರಗೋಡಿನ ಶಾಲೆಗಳು ಮತ್ತೆ ತೆರೆಯುವುದು ಜೂನ್ ತಿಂಗಳ ಪ್ರವೇಶೋತ್ಸವಕ್ಕೆ. ಈ ನಡುವೆ ಏಳನೇ ತರಗತಿಯ ಹುಡುಗ ಪುಸ್ತಕ ಮುಟ್ಟದಿದ್ದರೂ ಅವನ ಓದಿಗೆ ದೊಡ್ಡ ನಷ್ಟವಿಲ್ಲ. ನಷ್ಟವಾಗುವುದು ಒಂದನೇ, ಎರಡನೇ ತರಗತಿಯ ಮಕ್ಕಳಿಗೆ. ಮಾರ್ಚಿನಲ್ಲಿ ‘ಅಜ್ಜಿ ಹಣ್ಣು ಕೊಟ್ಟಳು’ ಎಂದು ತಡೆಯಿಲ್ಲದೆ ಓದಿದ ಮಗು ಜೂನ್ ಮೊದಲ ವಾರ ‘ಅಜಿ’ ಎಂದು ಓದಿ ನನ್ನ ಮುಖ ನೋಡುವುದನ್ನು ಕನ್ನಡ ಮಾಧ್ಯಮದ ಎಲ್.ಪಿ. (ಕಿರಿಯ ಪ್ರಾಥಮಿಕ) ತರಗತಿಗಳಲ್ಲಿ ಪ್ರತಿ ವರ್ಷವೂ ಕಂಡವನು ನಾನು.

ಇದಕ್ಕೆ ಮಗುವಿನ ಸೋಮಾರಿತನ ಕಾರಣವಲ್ಲ, ನಮ್ಮ ಲಿಪಿಯ ಸ್ವಭಾವ ಕಾರಣ. ವರ್ಣಮಾಲೆಯಲ್ಲಿ ಅಕ್ಷರಗಳು 49 ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ 34 ವ್ಯಂಜನಗಳು 13 ಸ್ವರಗಳೊಂದಿಗೆ ಕೂಡಿದಾಗ ಕಾಗುಣಿತದ ರೂಪಗಳೇ 442 ಆಗುತ್ತವೆ. ಒತ್ತಕ್ಷರಗಳು ಆ ಲೆಕ್ಕದಲ್ಲಿ ಸೇರಿಯೇ ಇಲ್ಲ. ‘ಅಮ್ಮ’ ಎಂಬಲ್ಲಿ ಕೆಳಗೆ ಬರೆದದ್ದನ್ನು ಆಮೇಲೆ ಉಚ್ಚರಿಸಬೇಕು. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತನ್ನು ಬರೆಯುವುದು ಯಕಾರದ ಬಳಿಕವಾದರೂ ಉಚ್ಚರಿಸುವುದು ಅದಕ್ಕಿಂತ ಮೊದಲು. ಕಣ್ಣು ಒಂದು ಕ್ರಮದಲ್ಲಿ, ನಾಲಿಗೆ ಇನ್ನೊಂದು ಕ್ರಮದಲ್ಲಿ ಸಾಗುವ ಈ ಅಭ್ಯಾಸ ಎಲ್ಲಕ್ಕಿಂತ ಕೊನೆಗೆ ಕೈಗೂಡುವುದರಿಂದ ಎಲ್ಲಕ್ಕಿಂತ ಮೊದಲು ಮರೆತುಹೋಗುತ್ತದೆ. ಜೊತೆಯಲ್ಲಿ ಮಲಯಾಳವನ್ನೂ ಕಲಿಯುವ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ: ಅಲ್ಲಿ ಎಕಾರದ ಚಿಹ್ನೆ ವ್ಯಂಜನದ ಎಡಕ್ಕೆ ಬರುತ್ತದೆ, ಇಲ್ಲಿ ವ್ಯಂಜನದ ತಲೆಯ ಮೇಲೆ ಕೂರುತ್ತದೆ.

ಇನ್ನು ಮನೆಮಾತಿನ ವಿಚಾರ. ಸಪ್ತಭಾಷೆಗಳ ನಾಡೆಂದು ಕರೆಸಿಕೊಳ್ಳುವ ಕಾಸರಗೋಡಿನಲ್ಲಿ ಕನ್ನಡ ಶಾಲೆಯ ಮಗು ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಕೊಂಕಣಿ, ಮರಾಠಿ, ಬ್ಯಾರಿಯನ್ನೋ ಆಡುತ್ತದೆ. ಹವ್ಯಕರ ಮನೆಯ ಕನ್ನಡವೂ ಪುಸ್ತಕದ ಕನ್ನಡವಲ್ಲ. ಹೀಗಾಗಿ ರಜೆಯಲ್ಲಿ ಮಗುವಿನ ಕಣ್ಣಿಗೆ ಅಕ್ಷರ ತಪ್ಪುವುದಷ್ಟೇ ಅಲ್ಲ, ಕಿವಿಗೆ ಪುಸ್ತಕದ ಮಾತೂ ತಪ್ಪುತ್ತದೆ. ಆದ್ದರಿಂದ ಮೊದಲು ದೊಡ್ಡವರು ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು, ಅನಂತರ ಅದೇ ಪುಟವನ್ನು ಮಗು ಓದಬೇಕು. ಕತೆಯ ಬಗ್ಗೆ ಮಾತನಾಡುವುದು ತುಳುವಿನಲ್ಲೇ ಆದರೂ ಅಡ್ಡಿಯಿಲ್ಲ. ಒಮ್ಮೆ ನನ್ನ ತರಗತಿಯ ಹುಡುಗನೊಬ್ಬ ‘ಹಕ್ಕಿ’ ಎಂಬುದನ್ನು ತುಳುವಿನಲ್ಲಿ ಹೇಳುವಂತೆ ‘ಪಕ್ಕಿ’ ಎಂದು ಓದಿದಾಗ ಉಳಿದವರೆಲ್ಲ ನಕ್ಕರು. ಅವನಿಗೆ ಅರ್ಥ ಸಿಕ್ಕಿತ್ತು, ಒತ್ತಕ್ಷರವೂ ಸರಿಯಿತ್ತು, ತಪ್ಪಿದ್ದು ಮೊದಲ ಅಕ್ಷರ ಮಾತ್ರ. ಹಳಗನ್ನಡದ ಪಕಾರವೇ ಮುಂದೆ ಹಕಾರವಾದದ್ದು ಎಂದು ತಿಳಿದವರಿಗೆ ಆ ತಪ್ಪಿನ ಮೇಲೆ ಸ್ವಲ್ಪ ಪ್ರೀತಿಯೂ ಹುಟ್ಟೀತು.

ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಆದರೆ ದಿನವೂ ಬೇಕು. ಹೊತ್ತು ನಿಮ್ಮ ಮನೆಯ ಅನುಕೂಲಕ್ಕೆ ಬಿಟ್ಟದ್ದು. ದೀಪ ಹಚ್ಚಿದ ಮೇಲಾಗಲಿ, ಮಗ್ರಿಬ್ ನಮಾಜು ಮುಗಿದ ಮೇಲಾಗಲಿ, ಒಂದೇ ಹೊತ್ತಾಗಿದ್ದರೆ ಕರೆಯುವ ಕಷ್ಟ ತಪ್ಪುತ್ತದೆ. ಮಗು ಒಂದು ಶಬ್ದದಲ್ಲಿ ನಿಂತರೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಮೇಲೂ ಬಾರದಿದ್ದರೆ ಆ ಶಬ್ದವನ್ನು ನೀವೇ ಹೇಳಿ ಮುಂದಕ್ಕೆ ಬಿಡಿ. ‘ಇದನ್ನು ನಿನ್ನೆಯೇ ಹೇಳಿಕೊಟ್ಟಿದ್ದೆನಲ್ಲ’ ಎಂಬ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಒಂದು ಪುಟದಲ್ಲಿ ಐದಾರು ಕಡೆ ನಿಲ್ಲಬೇಕಾಗಿ ಬಂದರೆ ಪುಸ್ತಕ ಭಾರವಾಗಿದೆ ಎಂದರ್ಥ, ಅದನ್ನು ಬದಲಿಸಿ. ಮುಂದಿನ ತರಗತಿಯ ಪಾಠಪುಸ್ತಕವನ್ನು ರಜೆಯಲ್ಲೇ ಮುಗಿಸುವ ಆತುರ ನನಗೆ ಒಪ್ಪಿಗೆಯಿಲ್ಲ. ಕಾಪಿ ಬರೆಸುವುದೂ ಓದಿಗೆ ಬದಲಾಗದು. ಹಿಂದೆ ನಾನೂ ರಜೆಗೆ ದಿನಕ್ಕೆರಡು ಪುಟ ಕಾಪಿ ಕೊಡುತ್ತಿದ್ದೆ. ಜೂನಿನಲ್ಲಿ ಬಂದ ಪುಸ್ತಕಗಳಲ್ಲಿ ಕೊನೆಯ ವಾರದ ಪುಟಗಳೆಲ್ಲ ಅಕ್ಕಂದಿರ ಕೈಬರಹದಲ್ಲಿರುತ್ತಿದ್ದವು.

ಓದಲು ಏನಿದೆ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಗೋಡೆಯ ಮೊಳೆಗೆ ಸಿಕ್ಕಿಸಿದ ಆಮಂತ್ರಣ ಪತ್ರಿಕೆಗಳನ್ನು. ನಮ್ಮಲ್ಲಿ ಬೇಸಗೆ ಎಂದರೆ ಮದುವೆ, ದೈವಗಳ ನೇಮ, ದೇವಸ್ಥಾನದ ಬ್ರಹ್ಮಕಲಶ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯವರೆಗಿನ ಯಕ್ಷಗಾನ. ‘ಬ್ರಹ್ಮಕಲಶೋತ್ಸವ’ ಎಂಬ ಶಬ್ದ ಆರು ವರ್ಷದ ಮಗುವಿಗೆ ಒಗ್ಗುವಂಥದಲ್ಲ, ಅದನ್ನು ನೀವು ಓದಿ. ಆದರೆ ವಧುವಿನ ಹೆಸರು, ತಾರೀಕು, ಊರು, ಕೆಳಗೆ ಸಾಲಾಗಿರುವ ನೆಂಟರ ಹೆಸರುಗಳನ್ನು ಮಗು ಹುಡುಕಲಿ. ಸ್ವಂತ ಮಾವನ ಹೆಸರು ಅಚ್ಚಿನಲ್ಲಿ ಸಿಕ್ಕಿದಾಗ ಅದು ಎಷ್ಟು ಒತ್ತಕ್ಷರ ತುಂಬಿದ್ದರೂ ಮಗು ಬಿಡುವುದಿಲ್ಲ, ಏಕೆಂದರೆ ಆ ಹೆಸರಿನ ಉಚ್ಚಾರ ಅದರ ಕಿವಿಯಲ್ಲಿ ಮೊದಲೇ ಇದೆ. ಗೊತ್ತಿರುವ ಧ್ವನಿಯಿಂದ ಗೊತ್ತಿಲ್ಲದ ಚಿಹ್ನೆಗೆ ಹೋಗುವ ದಾರಿ ಪಾಠಪುಸ್ತಕದಲ್ಲಿ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಯಕ್ಷಗಾನ ಮೇಳದ ಕರಪತ್ರದಲ್ಲಿ ಪ್ರಸಂಗದ ಹೆಸರೂ ಹಾಗೆಯೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ನೆರೆಹೊರೆಯ ಮಕ್ಕಳಿಗೆ ಅದರಲ್ಲಿ ಆಸಕ್ತಿ ಹುಟ್ಟಿಸಲು ನಾವು ಕಷ್ಟಪಡಬೇಕಿಲ್ಲ.

ಪುಸ್ತಕವೇ ಬೇಕೆನ್ನುವವರು ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣವನ್ನು ನೋಡಬಹುದು. ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡದ ಚಿತ್ರಕತೆಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಮೊಬೈಲು ಮಾತ್ರ ನಿಮ್ಮ ಕೈಯಲ್ಲಿರಲಿ.

ಕೊನೆಗೆ ಗ್ರಂಥಾಲಯದವರಲ್ಲಿ ಎರಡು ಬೇಡಿಕೆಗಳಿವೆ. ಕೇರಳದಲ್ಲಿ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ನೆನಪಿಗೆ ವಾಚನ ದಿನವನ್ನು ಆಚರಿಸುವುದು ಜೂನ್ 19ರಂದು, ಅಂದರೆ ಶಾಲೆ ತೆರೆದ ಮೇಲೆ. ಎಳೆಯ ಓದುಗರಿಗೆ ನಿಮ್ಮ ಅಗತ್ಯ ಇರುವುದು ಏಪ್ರಿಲ್‌ನಲ್ಲಿ. ದೊಡ್ಡ ಅಕ್ಷರದ, ಪುಟಕ್ಕೆ ಎರಡು ಮೂರು ಸಾಲಿನ ಪುಸ್ತಕಗಳನ್ನು ಗಾಜಿನ ಕಪಾಟಿನಿಂದ ತೆಗೆದು ಮಕ್ಕಳ ಕೈಗೆಟಕುವ ಎತ್ತರದಲ್ಲಿ, ಬೆನ್ನಿನ ಬದಲು ಮುಖಪುಟ ಕಾಣುವಂತೆ ಇಡಿ. ಎರಡನೆಯದು, ಮಗು ಒಂದೇ ಪುಸ್ತಕವನ್ನು ನಾಲ್ಕನೇ ಸಲ ಕೇಳಿದರೆ ‘ಅದನ್ನು ಓದಿ ಆಯಿತಲ್ಲ’ ಎನ್ನಬೇಡಿ. ಮೊದಲ ಸಲ ಅಕ್ಷರ ಕೂಡಿಸುವುದರಲ್ಲೇ ಅದರ ಗಮನವೆಲ್ಲ ಮುಗಿದಿರುತ್ತದೆ. ಕತೆಯಲ್ಲಿ ನಗಬೇಕಾದ ಜಾಗ ಅದಕ್ಕೆ ಸಿಗುವುದು ಮೂರನೆಯ, ನಾಲ್ಕನೆಯ ಸಲ ಓದಿದಾಗ.