ಒಂದೇ ಬಾವಿಗೆ ಎರಡು ಕೊಡಪಾನ: ಆಫೀಸ್ ಇಮೇಲ್ ಯಾಕೆ ಇಷ್ಟು ಗೋಜಲು?

[ದೃಶ್ಯ: ಮಂಗಳೂರಿನ ಬೈಕಂಪಾಡಿಯ ಒಂದು ಪುಟ್ಟ ಆಫೀಸು. ಮೇಜಿನ ಮೇಲೆ ಗೇರುಬೀಜದ ಸ್ಯಾಂಪಲ್ ಡಬ್ಬಿಗಳು. ಕ್ಯಾಮೆರಾ ನಿಧಾನಕ್ಕೆ ಕಂಪ್ಯೂಟರ್ ಪರದೆಯ ಕಡೆಗೆ.]

ಇದು ನನ್ನ ಮಾವನ ಆಫೀಸು. ಗೇರುಬೀಜದ ವ್ಯಾಪಾರ, ಒಟ್ಟು ಏಳು ಜನ. ಈ ಪರದೆ ನೋಡಿ. ಎರಡು ಐಕಾನ್ ಇವೆ, ಎರಡೂ ನೀಲಿ. ಒಂದರ ಹೆಸರು ‘ಔಟ್‌ಲುಕ್ ನ್ಯೂ’, ಇನ್ನೊಂದು ‘ಔಟ್‌ಲುಕ್ ಕ್ಲಾಸಿಕ್’. ಪಕ್ಕದ ಮೇಜಿನಲ್ಲಿ ಇದ್ಯಾವುದೂ ಇಲ್ಲ, ಜಿಮೇಲ್ ತೆರೆದಿದೆ.

ಮಾವ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. "ಮಾರಾಯ, ನಾನು ಇದರಲ್ಲಿ ಯಾವುದಕ್ಕೆ ದುಡ್ಡು ಕೊಡ್ತಾ ಇರುವುದು?"

ಉತ್ತರ ಹೇಳಲಿಕ್ಕೆ ನಾನು ಬೈಕಂಪಾಡಿಗೇ ಬರಬೇಕಾಯಿತು.

[ಪರದೆಯ ಮೇಲೆ: ಬಾವಿ, ಎರಡು ಕೊಡಪಾನಗಳ ಚಿತ್ರ]

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಮೇಲ್‌ಗಳು ಇರುವುದು ಎಲ್ಲೋ ದೂರದ ಸರ್ವರಿನಲ್ಲಿ. ಅಲ್ಲಿರುವ ಮೇಲ್‌ಬಾಕ್ಸಿಗೆ ಪ್ರತಿ ತಿಂಗಳು, ತಲೆಗೆ ಇಷ್ಟು ಅಂತ ದುಡ್ಡು. ಅದು ಬಾವಿ. ಈ ಐಕಾನ್‌ಗಳು ಬರೀ ಕೊಡಪಾನ. ಎರಡರಲ್ಲಿ ಯಾವುದರಿಂದ ಸೇದಿದರೂ ನೀರು ಅದೇ.

ಹಾಗಾದರೆ ಒಂದೇ ಕಂಪನಿ ಎರಡು ಕೊಡಪಾನ ಯಾಕೆ ಇಟ್ಟುಕೊಂಡಿದೆ? ಮೈಕ್ರೋಸಾಫ್ಟ್‌ಗೆ ಇದು ಹಳೆಯ ಚಾಳಿ. 1997ರಲ್ಲಿ ಆಫೀಸ್ ಜೊತೆ ಔಟ್‌ಲುಕ್ ಬಂತು. ಅದೇ ವರ್ಷ ಇಂಟರ್ನೆಟ್ ಎಕ್ಸ್‌ಪ್ಲೋರರ್ ಜೊತೆ ಪುಕ್ಕಟೆಯಾಗಿ ಔಟ್‌ಲುಕ್ ಎಕ್ಸ್‌ಪ್ರೆಸ್ ಬಂತು. ದೊಡ್ಡದರ ತಮ್ಮ ಇರಬೇಕು ಅಂತ ಅಂದುಕೊಂಡವರೇ ಜಾಸ್ತಿ. ಸಂಬಂಧವೇ ಇಲ್ಲ! ಒಳಗಿನ ಕೋಡ್ ಬೇರೆ, ಮೇಲ್ ಕೂಡಿಡುವ ಫೈಲೂ ಬೇರೆ. ಅದೇ ವರ್ಷದ ಕೊನೆಗೆ ಹಾಟ್‌ಮೇಲ್ ಅನ್ನೂ ಕೊಂಡರು. 2012ರಲ್ಲಿ ಅದಕ್ಕೂ ಔಟ್‌ಲುಕ್ ಡಾಟ್ ಕಾಮ್ ಅಂತ ಹೊಸ ಹೆಸರು. ಫೋನಿನಲ್ಲಿರುವ ಔಟ್‌ಲುಕ್ ಮೂಲದಲ್ಲಿ ಅಕಾಂಪ್ಲಿ ಅನ್ನುವ ಬೇರೆ ಕಂಪನಿಯ ಆ್ಯಪ್. 2014ರಲ್ಲಿ ಕೊಂಡರು, 2015ರಲ್ಲಿ ಬೋರ್ಡು ಬದಲಾಯಿಸಿದರು.

ವಿಂಡೋಸ್‌ನಲ್ಲಿ ‘ಮೇಲ್’ ಅಂತ ಇನ್ನೊಂದು ಆ್ಯಪ್ ಇತ್ತಲ್ವಾ? ಅದು 2024ರ ಕೊನೆಗೆ ನಿಂತಿತು. ಅದರ ಜಾಗಕ್ಕೆ ಬಂದದ್ದೇ ‘ನ್ಯೂ’. ಇದು ಹೆಚ್ಚುಕಡಿಮೆ ವೆಬ್ ಪುಟವನ್ನೇ ಆ್ಯಪ್ ಮಾಡಿದ್ದು. ಹಾಗಾಗಿ ಕ್ಲಾಸಿಕ್‌ಗೆ ಅಂತ ಬರೆದ ಹಳೆಯ ಕಾಮ್ ಆಡ್-ಇನ್‌ಗಳು, ಅಂದರೆ ಅದಕ್ಕೆ ಹೆಚ್ಚುವರಿ ಕೆಲಸ ಕಲಿಸುವ ಪುಟ್ಟ ಪ್ರೋಗ್ರಾಂಗಳು, ಇದರಲ್ಲಿ ಓಡುವುದಿಲ್ಲ. ಅವುಗಳ ಮೇಲೆ ಕೆಲಸ ನಡೆಸುವ ಆಫೀಸುಗಳು ಬೊಬ್ಬೆ ಹೊಡೆಯದೆ ಇರುತ್ತಾವಾ? ಕ್ಲಾಸಿಕ್‌ಗೆ ಕನಿಷ್ಠ 2029ರವರೆಗೆ ಬೆಂಬಲ ಇರುತ್ತದೆ ಅಂತ ಕಂಪನಿ ಹೇಳಿದೆ. ಅಲ್ಲಿಯವರೆಗೆ ಎರಡೂ ಇರುತ್ತವೆ.

[ದೃಶ್ಯ: 1990ರ ದಶಕದ ಕಂಪ್ಯೂಟರ್, ಬೂದು ಬಣ್ಣದ ಪರದೆ]

ಮೈಕ್ರೋಸಾಫ್ಟ್ ಒಂದನ್ನೇ ಬೈಯುವುದು ಬೇಡ. ಈ ವಿಷಯದಲ್ಲಿ ನಿಜವಾದ ಹಿರಿಯಣ್ಣ ಐಬಿಎಂ.

ಲೋಟಸ್ ಅನ್ನುವ ಕಂಪನಿ 1989ರಲ್ಲಿ ಲೋಟಸ್ ನೋಟ್ಸ್ ತಂದಿತು. ಮೇಲ್ ಅದರ ಒಂದು ಭಾಗ ಮಾತ್ರ, ಜೊತೆಗೆ ಡೇಟಾಬೇಸ್, ರಜೆ ಅರ್ಜಿ, ಫೈಲು ಎಲ್ಲವನ್ನೂ ಅದರಲ್ಲೇ ಕಟ್ಟಬಹುದಿತ್ತು. 1991ರಲ್ಲಿ ಇದೇ ಲೋಟಸ್ ಹೋಗಿ ಸಿಸಿ:ಮೇಲ್ ಅನ್ನುವ ಇನ್ನೊಂದು ಆಫೀಸ್ ಮೇಲ್ ಕೊಂಡಿತು. ಒಂದೇ ಅಂಗಡಿ, ಎರಡು ಮೇಲ್. 1995ರಲ್ಲಿ ಐಬಿಎಂ ಬಂದು 350 ಕೋಟಿ ಡಾಲರ್ ಕೊಟ್ಟು ಇಡೀ ಲೋಟಸ್ ಅನ್ನೇ ಕೊಂಡಿತು. ಐಬಿಎಂ ಹತ್ತಿರ ಮೊದಲೇ ಆಫೀಸ್‌ವಿಷನ್ ಅಂತ ತನ್ನದೇ ಒಂದು ಇತ್ತು. ಈಗ ಮೂರಾಯಿತು!

ಅಷ್ಟಕ್ಕೇ ನಿಲ್ಲಲಿಲ್ಲ. 2000ದ ನಂತರ ಲೋಟಸ್ ವರ್ಕ್‌ಪ್ಲೇಸ್ ಅಂತ ಮತ್ತೊಂದು ಹೊರಟಿತು. ಹಾಗಾದರೆ ನೋಟ್ಸ್ ನಿಲ್ಲುತ್ತದಾ ಅಂತ ಗಿರಾಕಿಗಳಿಗೆ ಗಾಬರಿ. ನಿಂತದ್ದು ವರ್ಕ್‌ಪ್ಲೇಸ್. ನೋಟ್ಸ್ ಉಳಿಯಿತು. 2019ರಲ್ಲಿ ಅದು ನಮ್ಮ ದೇಶದ ಎಚ್‌ಸಿಎಲ್ ಕೈಗೆ ಬಂತು, ಬೇರೆ ಕೆಲವು ಸಾಫ್ಟ್‌ವೇರ್‌ಗಳ ಜೊತೆ, 180 ಕೋಟಿ ಡಾಲರ್‌ಗೆ. ಇವತ್ತಿಗೂ ಮಾರಾಟವಾಗುತ್ತಿದೆ. ಯಾಕೆ ಅಂದರೆ ಅದರೊಳಗೆ ಕಟ್ಟಿದ ಆ ರಜೆ ಅರ್ಜಿ, ಆ ಫೈಲು ಎಲ್ಲವನ್ನೂ ಮತ್ತೆ ಬೇರೆ ಕಡೆ ಕಟ್ಟುವವರು ಯಾರು?

[ದೃಶ್ಯ: ಉಡುಪಿಯ ಒಂದು ಬೀದಿ, ಬ್ಯಾಂಕಿನ ಬೋರ್ಡುಗಳು]

ನಮ್ಮ ಊರಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ. 2020ರ ಏಪ್ರಿಲ್ 1ಕ್ಕೆ ಎರಡೂ ಒಂದಾದವು. ಮಾರನೆಯ ದಿನ ನೋಡಿದರೆ ಒಂದೇ ಪೇಟೆಯಲ್ಲಿ ಒಂದೇ ಬ್ಯಾಂಕಿನ ಎರಡೆರಡು ಶಾಖೆ. ಐಎಫ್‌ಎಸ್‌ಸಿ ಕೋಡ್ ಬೇರೆ, ಪಾಸ್‌ಬುಕ್ ಬೇರೆ. ಒಂದು ಶಾಖೆ ಮುಚ್ಚೋಣ ಅಂದರೆ ಅಲ್ಲಿ ಮೂವತ್ತು ವರ್ಷದಿಂದ ಖಾತೆ ಇಟ್ಟ ಅಜ್ಜಿ ಒಪ್ಪಬೇಕಲ್ಲ. ಸಾಫ್ಟ್‌ವೇರ್ ಕಂಪನಿಗಳಿಗೂ ಇಂಥ ಅಜ್ಜಿಯರು ಇದ್ದಾರೆ. ಏನು ವ್ಯತ್ಯಾಸ ಅಂದರೆ, ಒಬ್ಬೊಬ್ಬ ಅಜ್ಜಿಯ ಹತ್ತಿರ ಹತ್ತು ಸಾವಿರ ಮೇಲ್‌ಬಾಕ್ಸ್!

[ನಿರೂಪಕ ಕ್ಯಾಮೆರಾಗೆ]

ಒಂದೇ ಕಂಪನಿಯೊಳಗಿನ ಕತೆ ಇದು. ಕಂಪನಿ ಕಂಪನಿಗಳ ನಡುವೆ ಇರುವುದು ಕಟ್ಟಿನ ವ್ಯಾಪಾರ. ವರ್ಡ್, ಎಕ್ಸೆಲ್ ಬೇಕು ಅಂತ ಮೈಕ್ರೋಸಾಫ್ಟ್ 365 ಬಿಸಿನೆಸ್ ಕೇಳಿದರೆ, ಸಾಮಾನ್ಯವಾಗಿ ತೋರಿಸುವ ಪ್ಲಾನಿನಲ್ಲಿ ಮೇಲ್ ಸೇರಿಯೇ ಇರುತ್ತದೆ. ಡ್ರೈವ್, ಮೀಟ್ ಬೇಕು ಅಂತ ಗೂಗಲ್ ವರ್ಕ್‌ಸ್ಪೇಸ್ ತೆಗೆದುಕೊಂಡರೆ ಅಲ್ಲೂ ಮೇಲ್. ಜೋಹೋ ವರ್ಕ್‌ಪ್ಲೇಸ್‌ನಲ್ಲೂ ಮೇಲ್. ಬಿಡಿಯಾಗಿ ಸಿಗುವುದಿಲ್ಲ ಅಂತಲ್ಲ. ಮೈಕ್ರೋಸಾಫ್ಟ್‌ನಲ್ಲಿ ಎಕ್ಸ್‌ಚೇಂಜ್ ಆನ್‌ಲೈನ್ ಇದೆ, ಜೋಹೋದಲ್ಲಿ ಮೇಲ್ ಲೈಟ್ ಇದೆ. ಮಾರುವವರು ಅದನ್ನು ತಾವಾಗಿ ಬಾಯಿಬಿಡುವುದು ಕಡಿಮೆ, ಅಷ್ಟೆ.

ಮಾವನಿಗೆ ಆದದ್ದೂ ಇದೇ. ಅಕೌಂಟ್ಸ್‌ನ ಮೂವರಿಗೆ ಎಕ್ಸೆಲ್ ಬೇಕು ಅಂತ ಮೈಕ್ರೋಸಾಫ್ಟ್. ಸೇಲ್ಸ್‌ನ ನಾಲ್ವರಿಗೆ ಜಿಮೇಲ್ ಅಭ್ಯಾಸ ಅಂತ ಗೂಗಲ್. ಒಂದು ಡಾಟ್ ಕಾಮ್, ಇನ್ನೊಂದು ಡಾಟ್ ಇನ್. ಎರಡು ಬಿಲ್ಲು. ಹೊರಗಿನ ಗಿರಾಕಿ ತಪ್ಪು ವಿಳಾಸಕ್ಕೆ ಕಳಿಸಿದ ಆರ್ಡರ್ ನಾಲ್ಕು ದಿನ ಯಾರ ಕಣ್ಣಿಗೂ ಬೀಳಲಿಲ್ಲ.

ಬಗೆಹರಿಸುವುದು ಸುಲಭ ಅಂತ ನಾನು ಜಂಬದಲ್ಲಿ ಹೇಳಿದೆ. ತಾಂತ್ರಿಕವಾಗಿ ಸುಲಭವೇ. ವಿಳಾಸದಲ್ಲಿ ಅಟ್ ಗುರುತಿನ ನಂತರ ಬರುವುದು ಡೊಮೇನ್. ಈ ಡೊಮೇನಿಗೆ ಬರುವ ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಒಂದು ಸಾಲು ಇರುತ್ತದೆ, ಅದಕ್ಕೆ ಎಂಎಕ್ಸ್ ರೆಕಾರ್ಡ್ ಅನ್ನುತ್ತಾರೆ. ಅದನ್ನು ತಿದ್ದಿದರೆ ಆಯಿತು, ಹೊಸ ಮೇಲ್ ಹೊಸ ಕಡೆ ಬೀಳುತ್ತದೆ. ಹಳೆಯ ಮೇಲ್‌ಗಳನ್ನು ಐಮ್ಯಾಪ್ ಮೂಲಕ ಎಳೆದುಕೊಳ್ಳಬಹುದು; ಸರ್ವರಿನಲ್ಲಿರುವ ಮೇಲ್ ತೆಗೆದು ನೋಡಲಿಕ್ಕೆ ಇರುವ ನಿಯಮ ಅದು. ಮೇಲ್ ಕಳಿಸುವ ನಿಯಮ ಎಸ್‌ಎಂಟಿಪಿ 1982ರದ್ದು, ಐಮ್ಯಾಪ್ 1986ರದ್ದು. ಎರಡೂ ಯಾವ ಕಂಪನಿಯ ಸ್ವತ್ತೂ ಅಲ್ಲ. ಕಂಪನಿಗಳು ಎಷ್ಟೇ ಕಿತ್ತಾಡಿದರೂ ಒಂದರ ಮೇಲ್ ಇನ್ನೊಂದಕ್ಕೆ ಮುಟ್ಟುವುದು ಇಂಥವುಗಳ ಪುಣ್ಯದಿಂದ.

ಎಂಎಕ್ಸ್ ತಿದ್ದಲು ಕೂತಾಗ ಗೊತ್ತಾಯಿತು, ಡಾಟ್ ಕಾಮ್ ಡೊಮೇನ್ ಮಾವನ ಹೆಸರಿನಲ್ಲಿ ಇರಲೇ ಇಲ್ಲ! ಮೊದಲು ಮೇಲ್ ಹಾಕಿಕೊಟ್ಟ ಏಜೆಂಟ್ ತನ್ನ ಹೆಸರಿನಲ್ಲೇ ನೋಂದಾಯಿಸಿದ್ದ. ದುಡ್ಡು ಮಾವನದ್ದು, ಪಾಸ್‌ವರ್ಡ್ ಅವನದ್ದು. "ಮುಂದಿನ ವರ್ಷಕ್ಕೂ ನನ್ನ ಹತ್ತಿರವೇ ರಿನ್ಯೂವಲ್ ಮಾಡಿ, ಆಮೇಲೆ ನೋಡುವ" ಅಂದ. ಹಳೆಯ ಬಿಲ್ಲುಗಳನ್ನೆಲ್ಲ ಹುಡುಕಿ ಮುಂದಿಟ್ಟು, ಮೂರು ವಾರ ಅಲೆದ ಮೇಲೆ ಟ್ರಾನ್ಸ್‌ಫರ್ ಕೋಡ್ ಕೊಟ್ಟ. ನೀವು ಈ ವಿಡಿಯೋ ಇಲ್ಲೇ ನಿಲ್ಲಿಸಿ, ನಿಮ್ಮ ಆಫೀಸಿನ ಡೊಮೇನ್ ಯಾರ ಲಾಗಿನ್‌ನಲ್ಲಿ ಇದೆ ಅಂತ ನೋಡಿ ಬಂದರೂ ನನಗೆ ಬೇಸರವಿಲ್ಲ.

[ದೃಶ್ಯ: ಮತ್ತೆ ಮಾವನ ಆಫೀಸು, ಸಂಜೆ]

ಈಗ ಏಳೂ ಮೇಲ್‌ಬಾಕ್ಸ್ ಒಂದೇ ಕಡೆ ಇವೆ. ಎಕ್ಸೆಲ್ ಬಿಡಲಿಕ್ಕೆ ಆಗದ ಕಾರಣ ಮೈಕ್ರೋಸಾಫ್ಟ್ ಉಳಿಯಿತು. ಡಾಟ್ ಇನ್‌ಗೆ ಬರುವುದೂ ಅದೇ ಮೇಲ್‌ಬಾಕ್ಸಿಗೆ ಬೀಳುತ್ತದೆ. ಸೇಲ್ಸ್‌ನ ಹುಡುಗರು ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದರು.

ಇನ್ನು ಕ್ಲಾಸಿಕ್ ಐಕಾನ್ ತೆಗೆದುಬಿಡೋಣ ಅಂತ ಮೌಸ್ ಹಿಡಿದೆ. ಅಕೌಂಟೆಂಟ್ ಶೆಟ್ರು ಕೈ ಅಡ್ಡ ಹಿಡಿದರು. "ಅದು ಇರಲಿ ಮಾರಾಯ್ರೆ. ನನಗೆ ಅದರಲ್ಲೇ ರೂಢಿ."