ಗೋಡೆ ಕುಣಿಯುವುದಿಲ್ಲ, ವೇಷ ಕುಣಿಯುತ್ತದೆ

ನಮಸ್ಕಾರ. ಹೋದ ತಿಂಗಳು ನನ್ನ ಅಕ್ಕನ ಮಗ ಫೋನ್ ಮಾಡಿದ. "ಮಾವ, ಯಕ್ಷಗಾನ ಆಟದ ಫೋಟೊ ಎಲ್ಲ ಕಲಸಿದ ಹಾಗೆ ಬರ್ತಿದೆ. ಫುಲ್ ಫ್ರೇಮ್ ಬಾಡಿ ತಗೊಳ್ಳುವ ಅಂತ ಇದ್ದೇನೆ. ಯಾವುದು ಒಳ್ಳೆಯದು?" ಬಾಡಿ ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಫುಲ್ ಫ್ರೇಮ್ ಅಂದರೆ ಅದರೊಳಗೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವುದು.

ಮೊದಲು ಫೋಟೊ ಕಳಿಸು ಅಂದೆ. ಕಳಿಸಿದ. ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಪುಂಡುವೇಷ, ಅಂದರೆ ಚುರುಕಿನ ತರುಣ ವೀರನ ವೇಷ, ದಿಗಿಣ ಹಾಕುತ್ತಿದೆ, ಗಾಳಿಯಲ್ಲಿ ಹಾರಿ ತಿರುಗುತ್ತಿದೆ. ಮುಖ ಇರಬೇಕಾದ ಜಾಗದಲ್ಲಿ ಒಂದು ಕೆಂಪು ಗೆರೆ. ಫೋಟೊದ ವಿವರ ನೋಡಿದೆ. ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವುದು), 55 ಎಂಎಂ, ಎಫ್ 5.6 (ಲೆನ್ಸಿನ ಬಾಯಿಯ ಅಳತೆ, ಅಂಕಿ ಸಣ್ಣದಾದಷ್ಟು ಬಾಯಿ ದೊಡ್ಡದು), ಐಎಸ್‌ಒ 6400 (ಸಿಕ್ಕಿದ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಎಂಬುದು), ಶಟರ್ 1/60 (ಸೆಕೆಂಡಿನ ಅರುವತ್ತರಲ್ಲಿ ಒಂದು ಪಾಲು). ಅದರಲ್ಲಿ ಬಾಡಿಯ ತಪ್ಪು ಒಂದು ಚೂರೂ ಇಲ್ಲ. ಗಾಳಿಯಲ್ಲಿ ತಿರುಗುತ್ತಿರುವ ಮನುಷ್ಯನನ್ನು 1/60 ಯಾವ ಕ್ಯಾಮೆರಾದಲ್ಲೂ ನಿಲ್ಲಿಸುವುದಿಲ್ಲ.

ಸರಿ, ಈಗ ಲೆಕ್ಕ ಹಾಕೋಣ. ಅವನ ಬಾಡಿಯಲ್ಲಿರುವ ಸಣ್ಣ ಕ್ರಾಪ್ ಸೆನ್ಸರ್ ಬಿಟ್ಟು ಫುಲ್ ಫ್ರೇಮಿಗೆ ಹೋದರೆ ಸೆನ್ಸರಿನ ಜಾಗ ಸುಮಾರು 2.3 ಪಟ್ಟು ಹೆಚ್ಚುತ್ತದೆ. ಅಂದರೆ ಒಂದು ಸ್ಟಾಪಿಗಿಂತ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಸ್ವಲ್ಪ ಜಾಸ್ತಿ ಲಾಭ. ಎಫ್ 5.6 ಬಿಟ್ಟು ಎಫ್ 1.8 ಲೆನ್ಸಿಗೆ ಹೋದರೆ? ಒಳಗೆ ಬರುವ ಬೆಳಕು 9 ಪಟ್ಟಿಗಿಂತಲೂ ಹೆಚ್ಚು. ಮೂರು ಸ್ಟಾಪ್ ದಾಟುತ್ತದೆ. ಅದೇ ಐಎಸ್‌ಒ 6400ರಲ್ಲಿ 1/60 ಇದ್ದದ್ದು 1/500 ಆಗುತ್ತದೆ. 1/500ಕ್ಕೆ ದಿಗಿಣ ನಿಲ್ಲುತ್ತದೆ. ಹೊಸ ಬಾಡಿ ತಂದು ಅದಕ್ಕೆ ಮತ್ತೆ ಎಫ್ 5.6 ಲೆನ್ಸೇ ಹಾಕಿದರೆ ನಿಮಗೆ ಸಿಗುವುದು ಹೆಚ್ಚೆಂದರೆ 1/125. ಗೆರೆ ಸ್ವಲ್ಪ ಗಿಡ್ಡ ಆಗಬಹುದು, ಅಷ್ಟೆ.

ಹಾಗಾಗಿ ನನ್ನ ಮಾತು ನೇರ. ರಾತ್ರಿ ಆಟಕ್ಕೆ ಹೋಗುವವರು ಮೊದಲು ಲೆನ್ಸಿಗೆ ದುಡ್ಡು ಹಾಕಿ. 50 ಎಂಎಂ ಎಫ್ 1.8 ಹಲವು ಕಂಪನಿಗಳ ಅಗ್ಗದ ಲೆನ್ಸ್‌ಗಳ ಸಾಲಿನಲ್ಲೇ ಸಿಗುತ್ತದೆ. ರಂಗಸ್ಥಳದ ಹತ್ತಿರ ಕೂರಲು ಜಾಗ ಸಿಕ್ಕರೆ ಕ್ರಾಪ್ ಬಾಡಿಗೆ ಅದು ಧಾರಾಳ ಸಾಕು. ದೂರ ಕೂರುವವರಿಗೆ 85 ಎಂಎಂ.

ಐಎಸ್‌ಒ ಏರಿಸಿದ್ದಕ್ಕೇ ನಾಯ್ಸ್ (ಫೋಟೊದಲ್ಲಿ ಮರಳಿನಂಥ ಚುಕ್ಕೆ) ಬಂತು ಅಂತ ಎಲ್ಲರೂ ಹೇಳುತ್ತಾರೆ. ನಿಜ ಕಾರಣ ಬೆಳಕು ಕಮ್ಮಿ ಇರುವುದು. ಬೆಳಕು ಮಳೆಯ ಹಾಗೆ ಹನಿಹನಿಯಾಗಿ ಬೀಳುತ್ತದೆ. ನಾಲ್ಕು ಹನಿ ಬಿದ್ದರೆ ಅಂಗಳ ಚುಕ್ಕೆ ಚುಕ್ಕೆಯಾಗಿ ಒದ್ದೆಯಾಗುತ್ತದೆ. ಜೋರು ಮಳೆ ಹೊಡೆದರೆ ಚುಕ್ಕೆ ಎಲ್ಲಿ ಕಾಣುತ್ತದೆ? ಕೆಲವರು ಹೆದರಿ ಐಎಸ್‌ಒ 1600ಕ್ಕೇ ನಿಲ್ಲಿಸಿ, ಕಪ್ಪಾಗಿ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಬೆಳಗಿಸುತ್ತಾರೆ. ಅದರಿಂದ ನಾಯ್ಸ್ ಕಮ್ಮಿ ಆಗುವುದಿಲ್ಲ. ಹಳೆಯ ಬಾಡಿಗಳಲ್ಲಂತೂ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಧೈರ್ಯವಾಗಿ ಏರಿಸಿ. 2007ರಲ್ಲಿ ಬಂದ ನಿಕಾನ್ ಡಿ3ಯಲ್ಲಿ ಇದ್ದದ್ದು 12 ಮೆಗಾಪಿಕ್ಸೆಲ್. ಜನ ಅದರಲ್ಲಿ 6400 ಇಟ್ಟು ರಾತ್ರಿಯಿಡೀ ಫೋಟೊ ತೆಗೆದಿದ್ದಾರೆ. ಈಗಿನ ಡಿನಾಯ್ಸ್ ಸಾಫ್ಟ್‌ವೇರ್ ನಾಯ್ಸನ್ನು ಚೆನ್ನಾಗಿಯೇ ಒರೆಸುತ್ತದೆ. ಅಲುಗಿದ ಮುಖವನ್ನು ಹಾಗೆ ಸರಿ ಮಾಡಲು ಆಗುವುದಿಲ್ಲ.

ಇನ್ನು ಶಾರ್ಪ್‌ನೆಸ್. ಇಂಟರ್ನೆಟ್ಟಿನಲ್ಲಿ ಲೆನ್ಸ್ ಪರೀಕ್ಷೆ ನೋಡಿದ್ದೀರಲ್ವಾ? ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ ಇಟ್ಟು, ಇಟ್ಟಿಗೆ ಗೋಡೆ ತೆಗೆದು, ಮೂಲೆಯನ್ನು ದೊಡ್ಡದು ಮಾಡಿ ತೋರಿಸುತ್ತಾರೆ. ಸುಳ್ಳಲ್ಲ. ಬಹುತೇಕ ಲೆನ್ಸ್‌ಗಳು ಎಫ್ 5.6, ಎಫ್ 8ರ ಸುತ್ತ ಅತ್ಯಂತ ಚೂಪಾಗಿರುತ್ತವೆ, ಪೂರ್ತಿ ತೆರೆದಾಗ ಸ್ವಲ್ಪ ಮೆತ್ತಗಾಗುತ್ತವೆ. ಆದರೆ ರಾತ್ರಿ ಒಂದು ಗಂಟೆಗೆ ರಂಗಸ್ಥಳದ ಎದುರು ಎಫ್ 8 ಇಟ್ಟು ನೀವು ಏನು ಮಾಡುತ್ತೀರಿ? ಮೂಲೆಯಲ್ಲಿ ಇರುವುದು ಕತ್ತಲೆ. ಅದು ಚೂಪಾಗಿದ್ದರೆಷ್ಟು, ಬಿಟ್ಟರೆಷ್ಟು!

ನನ್ನ ಪರೀಕ್ಷೆ ಬೇರೆ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖಕ್ಕೆ ಅಕ್ಕಿ ಹಿಟ್ಟಿನ ಚುಟ್ಟಿ ಇಡುತ್ತಾರೆ. ಸಣ್ಣ ಸಣ್ಣ ಬಿಳಿ ಮುಳ್ಳು, ಸಾಲು ಸಾಲಾಗಿ. ಇಡಲು ಗಂಟೆಗಟ್ಟಲೆ ಬೇಕು. ಆ ಮುಳ್ಳು ಒಂದೊಂದೂ ಬೇರೆ ಬೇರೆಯಾಗಿ ಕಂಡರೆ ಫೋಟೊ ಪಾಸ್. ಕಾಣದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಲೆನ್ಸಿನ ಗಾಜಲ್ಲ. ಒಂದೋ ವೇಷ ಅಲುಗಿದೆ, ಇಲ್ಲ ನನ್ನ ಕೈ ಅಲುಗಿದೆ, ಇಲ್ಲ ಫೋಕಸ್ ಕಿರೀಟಕ್ಕೆ ಹೋಗಿದೆ. ಫುಲ್ ಫ್ರೇಮಿನಲ್ಲಿ 85 ಎಂಎಂ ಎಫ್ 1.8 ಇಟ್ಟು 3 ಮೀಟರ್ ದೂರದಿಂದ ತೆಗೆದರೆ ಚೂಪಾಗಿ ಸಿಗುವ ಆಳ ಸುಮಾರು 13 ಸೆಂಟಿಮೀಟರ್. ಒಂದು ಗೇಣೂ ಇಲ್ಲ! ವೇಷ ಅರ್ಧ ಹೆಜ್ಜೆ ಮುಂದೆ ಬಂದರೆ ಮುಗಿಯಿತು. ಅದಕ್ಕೇ ನಾನು ಎಫ್ 2.2ಕ್ಕೆ ಇಳಿಸಿಕೊಳ್ಳುತ್ತೇನೆ. ಸ್ವಲ್ಪ ಬೆಳಕು ಹೋಗುತ್ತದೆ, ಹೋಗಲಿ.

ಇಲ್ಲಿ ಬಾಡಿಯ ಪರವಾಗಿಯೂ ಮಾತಾಡಬೇಕು. ಮಬ್ಬು ಬೆಳಕಿನಲ್ಲಿ ಫೋಕಸ್ ಹಿಡಿಯುವುದರಲ್ಲಿ ಒಳಗೆ ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಬಾಡಿಗಳು ನಿಜಕ್ಕೂ ಬೇರೆ ಮಟ್ಟದವು. ಕಣ್ಣು ಹುಡುಕಿ ಹಿಡಿಯುತ್ತವೆ. ಸ್ತ್ರೀವೇಷ, ಪುಂಡುವೇಷಕ್ಕೆ ನನ್ನ ಕ್ಯಾಮೆರಾ ತಪ್ಪುವುದೇ ಇಲ್ಲ. ಬಣ್ಣದ ವೇಷ ಬಂದರೆ ಮಾತ್ರ ಅದಕ್ಕೆ ಅದು ಮುಖ ಅಂತಲೇ ಗೊತ್ತಾಗುವುದಿಲ್ಲ. ಪಾಪ, ಚಿಕ್ಕ ಮಕ್ಕಳೂ ಹೆದರುತ್ತಾರೆ. ಆಗ ನಾನೇ ಫೋಕಸ್ ಚುಕ್ಕೆ ಇಟ್ಟು ಹಿಡಿಯಬೇಕು.

ಬಾಡಿ ಕೆಲಸಕ್ಕೆ ಬರುವ ಇನ್ನೊಂದು ಜಾಗ ಇದೆ. ಎಲ್‌ಇಡಿ ಲೈಟು. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಅಗ್ಗದ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/500ರಲ್ಲಿ ಸಾಲಾಗಿ ಹತ್ತು ಫೋಟೊ ತೆಗೆಯಿರಿ, ಒಂದು ಬೆಳ್ಳಗೆ, ಒಂದು ಕಪ್ಪಗೆ, ಒಂದು ಹಳದಿ ಬರುತ್ತದೆ. 1/100ಕ್ಕೆ ಇಳಿಸಿದರೆ ಇದು ಸರಿಹೋಗುತ್ತದೆ, ಆದರೆ ಕುಣಿತ ಕಲಸುತ್ತದೆ. ಮಿನುಗು ಏರಿದ ಕ್ಷಣ ನೋಡಿ ಶಟರ್ ಬಿಡುವ ವ್ಯವಸ್ಥೆಯನ್ನು 2014ರ ಕ್ಯಾನನ್ 7ಡಿ ಮಾರ್ಕ್ 2 ತಂದಿತು. ಈಗ ಬೇರೆ ಹಲವು ಬಾಡಿಗಳಲ್ಲೂ ಇದೆ. ಬಾಡಿ ಕೊಳ್ಳುವಾಗ ಮೆಗಾಪಿಕ್ಸೆಲ್ ಕೇಳುವ ಮೊದಲು ಈ ವ್ಯವಸ್ಥೆ, ಅಂದರೆ ಆ್ಯಂಟಿ ಫ್ಲಿಕರ್ ಇದೆಯಾ ಅಂತ ಕೇಳಿ. ಮತ್ತೆ ಆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಆಫ್ ಮಾಡಿ. ಹೆಚ್ಚಿನ ಸೆನ್ಸರ್‌ಗಳು ಅದರಲ್ಲಿ ಸಾಲು ಸಾಲಾಗಿ ಚಿತ್ರ ಓದುತ್ತವೆ, ಹಾಗಾಗಿ ಫೋಟೊ ಮೇಲೆ ಪಟ್ಟೆ ಪಟ್ಟೆ ಬರುತ್ತದೆ. ಚೆಂಡೆ ಬಡಿಯುವಾಗ ನಿಮ್ಮ ಶಟರ್ ಸದ್ದು ಯಾರಿಗೆ ಕೇಳಬೇಕು ಹೇಳಿ?

ದೊಂದಿ (ಪಂಜು) ಬೆಳಕಿನ ಆಟದಲ್ಲಿ ಈ ತಾಪತ್ರಯ ಇಲ್ಲ. ಬೆಳಕೇ ಇಲ್ಲ, ಅದು ಬೇರೆ ವಿಷಯ! ಯಾರೋ ರಾಳದ ಪುಡಿ ಎರಚುತ್ತಾರೆ, ಒಂದು ಕ್ಷಣ ಭಗ್ ಅಂತ ಹೊತ್ತಿಕೊಳ್ಳುತ್ತದೆ. ಅದಕ್ಕೆ ನಾನು ಮ್ಯಾನ್ಯುಯಲ್ ಇಟ್ಟು ಕಾದು ಕೂರುತ್ತೇನೆ.

ಮೆಗಾಪಿಕ್ಸೆಲ್ ಬಗ್ಗೆ ಒಂದೇ ಮಾತು. ಎ3 ಅಳತೆಗೆ ಒಳ್ಳೆ ಪ್ರಿಂಟ್ ಹಾಕಿಸಲು ಸುಮಾರು 17 ಸಾಕು. 24 ಇದ್ದರೆ ನೆಮ್ಮದಿ.

ಕರಾವಳಿಯವರಿಗೆ ಇನ್ನೊಂದು. ದೀಪಾವಳಿ ಕಳೆದು ಹೊರಟ ಮೇಳಗಳು (ಯಕ್ಷಗಾನ ತಂಡಗಳು) ಮೇ ಕೊನೆಯ ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಯುವ ದಿನಕ್ಕೆ, ಗೆಜ್ಜೆ ಬಿಚ್ಚುತ್ತವೆ. ನಾವೂ ಕ್ಯಾಮೆರಾ ಕಪಾಟಿಗೆ ಹಾಕುತ್ತೇವೆ. ಹಿಂದೆಯೇ ಮಳೆ. ಒಂದು ವರ್ಷ ನಾನು ಹಾಗೇ ಬ್ಯಾಗಿನಲ್ಲಿ ಬಿಟ್ಟೆ. ನವೆಂಬರಿನಲ್ಲಿ ತೆಗೆದು ನೋಡಿದರೆ ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ಲೈಟಿನ ಎದುರು ಹಿಡಿದರೆ ಚಿತ್ರ ಪೂರ್ತಿ ಮಂಜು. ಸಾವಿರಾರು ರೂಪಾಯಿಯ ಶಾರ್ಪ್‌ನೆಸ್ ಹಾಗೆ ಹೋಯಿತು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ.

ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. ನನ್ನ 85 ಕೈಗೆ ಕೊಟ್ಟು ಕಳಿಸಿದೆ. ಅದೇ ಹಳೆ ಬಾಡಿಗೆ ಹಾಕಿಕೊಂಡು ಹೋಗಿ 300 ಫೋಟೊ ತೆಗೆದ. ಮುಕ್ಕಾಲು ಪಾಲು ಫೋಕಸ್ ತಪ್ಪಿದೆ. ಒಂದರಲ್ಲಿ ಪುಂಡುವೇಷ ನೆಲ ಬಿಟ್ಟು ಮೇಲೆ ನಿಂತಿದೆ, ಕಾಲಿನ ಗೆಜ್ಜೆ ಎಣಿಸಬಹುದು. ಆಮೇಲೆ ಫುಲ್ ಫ್ರೇಮ್ ವಿಷಯ ಅವನು ಎತ್ತಿಲ್ಲ. ನನ್ನ ಲೆನ್ಸ್ ಕೂಡ ವಾಪಸ್ ಕೊಟ್ಟಿಲ್ಲ.